ಮದ್ದಿನ ಬೆಲೆ ಹಣೆಬರಹವಲ್ಲ

ಮಗು ಎಂಟು ತಿಂಗಳಾದರೂ ಕೂರದಿದ್ದರೆ ಮನೆಯ ಹಿರಿಯರು "ನಿಧಾನವಾಗಿ ಕೂರುತ್ತದೆ ಬಿಡಿ" ಎನ್ನುತ್ತಾರೆ. ಕತ್ತು ನಿಲ್ಲದೆ, ಕಾಲು ಆಡದೆ, ಅಳುವ ದನಿಯೂ ಕ್ಷೀಣಿಸಿದಾಗ ಮೊದಲು ದೇವರಿಗೆ ಹರಕೆ, ಆಮೇಲೆ ಊರಿನ ಡಾಕ್ಟರು, ಕೊನೆಗೆ ಬೆಂಗಳೂರು. ಅಲ್ಲಿ ರಕ್ತಪರೀಕ್ಷೆಯಾದ ಮೇಲೆ ತಂದೆತಾಯಿಗಳು ಕೇಳುವ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಎಂದರೆ ಎಸ್.ಎಂ.ಎ. ಸ್ನಾಯುಗಳನ್ನು ಆಡಿಸತಕ್ಕ ಬೆನ್ನುಹುರಿಯ ನರಕೋಶಗಳು ಸಾಯುತ್ತ ಹೋಗುವ ರೋಗವಿದು. ಮಗುವಿನ ಬುದ್ಧಿಗೆ ಕುಂದಿಲ್ಲ. ಅದು ನಗುತ್ತದೆ, ತಾಯಿಯನ್ನು ಗುರುತಿಸುತ್ತದೆ. ಆದರೆ ರೋಗ ತೀವ್ರವಾದ ಬಗೆಯದಾಗಿದ್ದು ಚಿಕಿತ್ಸೆ ದೊರೆಯದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವುದರೊಳಗೆ ಉಸಿರು ಸೋತು ತೀರಿಕೊಳ್ಳುತ್ತಾರೆ.

ಇಂಥ ಮಗುವನ್ನು ಸಾಕುವುದೆಂದರೆ ರಾತ್ರಿಯಲ್ಲಿ ಹಲವು ಸಲ ಎದ್ದು ಮಗ್ಗುಲು ಬದಲಿಸುವುದು, ಹಾಲು ಶ್ವಾಸನಾಳಕ್ಕೆ ಹೋಗದಂತೆ ಗುಟುಕು ಗುಟುಕಾಗಿ ಕುಡಿಸುವುದು, ಗಂಟಲಲ್ಲಿ ಕಟ್ಟಿದ ಕಫ ತೆಗೆಯುವುದು, ಕೈಕಾಲು ಮರಗಟ್ಟದಂತೆ ದಿನವೂ ಆಡಿಸುವುದು. ಗಿರಣಿಯ ಕೆಲಸಗಾರನ ಪಾಳಿ ತಪ್ಪುತ್ತದೆ; ಚಿಲ್ಲರೆ ವ್ಯಾಪಾರಿಯ ಅಂಗಡಿಯ ಬಾಗಿಲು ಮುಚ್ಚುತ್ತದೆ. ಇದರ ಮೇಲೆ, ಸೊಸೆಯ ಕಾಲ್ಗುಣವೆಂಬ ಮಾತು ಬೇರೆ!

ಈ ಮಾತು ಶುದ್ಧ ಸುಳ್ಳು. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಲ್ಲಿಯೂ ಒಂದೇ ಜೀನಿನ ದೋಷ ಅಡಗಿರುತ್ತದೆ; ಅವರಿಗೆ ರೋಗವಿರುವುದಿಲ್ಲ. ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಮಗುವಿಗೆ ರೋಗ. ಪ್ರತಿ ಬಸಿರಿನಲ್ಲಿಯೂ ಇದರ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಈ ಸಂಭವ ಹೆಚ್ಚು. ಇದರಲ್ಲಿ ತಾಯಿಯ ಪಾಪವೂ ಇಲ್ಲ, ಪೂರ್ವಜನ್ಮದ ಕರ್ಮವೂ ಇಲ್ಲ.

ಆದರೆ ಮದ್ದಿನ ಬೆಲೆ ಮಾತ್ರ ಮನುಷ್ಯನೇ ಬರೆದದ್ದು. ರಿಸ್‌ಡಿಪ್ಲಾಂ ಎಂಬ ಔಷಧವನ್ನು ಮನೆಯಲ್ಲಿಯೇ ದಿನಕ್ಕೊಮ್ಮೆ ಕುಡಿಸಬಹುದು. ರೋಶ್ ಕಂಪನಿ ಇದರ ಒಂದು ಸೀಸೆಗೆ ನಮ್ಮ ದೇಶದಲ್ಲಿ ಇಟ್ಟಿದ್ದ ಬೆಲೆ ಸುಮಾರು 6 ಲಕ್ಷ ರೂಪಾಯಿ. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು, ಅಕ್ಟೋಬರಿನಲ್ಲಿ ಅದರ ವಿಭಾಗೀಯ ಪೀಠ, ಅದೇ ತಿಂಗಳು ಸುಪ್ರೀಂ ಕೋರ್ಟು, ಹೈದರಾಬಾದಿನ ನ್ಯಾಟ್ಕೋ ಕಂಪನಿಯನ್ನು ತಡೆಯಲು ಒಪ್ಪಲಿಲ್ಲ. ನ್ಯಾಟ್ಕೋ ಅದೇ ಔಷಧಕ್ಕೆ ಇಟ್ಟ ಬೆಲೆ 15,900 ರೂಪಾಯಿ.

ಲೆಕ್ಕ ಹಾಕಿ ನೋಡೋಣ. 20 ಕಿಲೋ ತೂಕದ ಮಗುವಿಗೆ ದಿನಕ್ಕೆ 5 ಮಿಲಿಗ್ರಾಂ ಬೇಕು. 60 ಮಿಲಿಗ್ರಾಮಿನ ಸೀಸೆ 12 ದಿನ ಬರುತ್ತದೆ. ವರ್ಷಕ್ಕೆ 30 ಸೀಸೆ. ಹಳೆಯ ದರದಲ್ಲಿ 1 ಕೋಟಿ 80 ಲಕ್ಷ. ಹೊಸ ದರದಲ್ಲಿ 4 ಲಕ್ಷ 77 ಸಾವಿರ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ, 2022ರಿಂದ ಕೇಂದ್ರ ಸರಕಾರದ ನೆರವಿನ ಮಿತಿ ಒಬ್ಬ ರೋಗಿಗೆ 50 ಲಕ್ಷ. ಹಳೆಯ ದರದಲ್ಲಿ ಅದು ಎಂಟು ಸೀಸೆಗೆ ಮುಗಿದು 96 ದಿನ ನಡೆಯುತ್ತಿತ್ತು. ಹೊಸ ದರದಲ್ಲಿ ಹತ್ತು ವರ್ಷ ನಡೆಯುತ್ತದೆ. ಹಾಗಾದರೆ ಇಷ್ಟು ದಿನ ಸರಕಾರದ ನೆರವು ಹೋಗುತ್ತಿದ್ದುದು ಮಗುವಿನ ಬಾಯಿಗೋ, ಕಂಪನಿಯ ಗಲ್ಲಾಪೆಟ್ಟಿಗೆಗೋ?

"ಬೆರಳೆಣಿಕೆಯ ಮಕ್ಕಳಿಗೆ ಇಷ್ಟು ಹಣವೆ?" ಎಂದು ಕೇಳುವವರಿದ್ದಾರೆ. ಮಕ್ಕಳು ಕೆಲವರೇ ಆದುದರಿಂದಲೇ ಸರಕಾರಕ್ಕೆ ಇದು ಭಾರವಲ್ಲ. ಆದರೆ ಒಂದು ಮನೆಗೆ 4 ಲಕ್ಷ 77 ಸಾವಿರವೂ ಬೆಟ್ಟವೇ. ಎಲ್ಲರೂ ಹೆಗಲು ಕೊಟ್ಟು ಒಬ್ಬನ ಭಾರ ಇಳಿಸುವುದನ್ನೇ ನಾವು ಸಮಾಜವಾದ ಎನ್ನುತ್ತೇವೆ.

ಈ ಔಷಧದಿಂದ ರೋಗ ಪೂರ್ತಿ ಗುಣವಾಗುವುದಿಲ್ಲ. ಸತ್ತ ನರಕೋಶ ಮರಳಿ ಬಾರದು. ಆದುದರಿಂದ ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಹುಟ್ಟಿದ ಕೂಡಲೇ ರಕ್ತಪರೀಕ್ಷೆ ಆಗಬೇಕು. ರಾಜ್ಯ ಸರಕಾರ ಔಷಧವನ್ನು ಸಗಟಾಗಿ ಕೊಂಡು ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆ ಹಂಚಬೇಕು. ಕೈಕಾಲು ಆಡಿಸುವ ವ್ಯಾಯಾಮ ಕಲಿಸುವವರು ಅಲ್ಲಿಯೇ ಇರಬೇಕು. ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ತಾಯಿಗೆ ತಿಂಗಳ ಭತ್ಯೆ ಸಲ್ಲಬೇಕು.

ಬಂಧುಗಳೆ, ನಿಮ್ಮ ಬೀದಿಯಲ್ಲಿ ಕತ್ತು ನಿಲ್ಲದ ಮಗುವಿದ್ದರೆ ಆ ಮನೆಗೆ ಹೋಗಿರಿ. ಮರುಕದ ಮಾತು ಆಡಿ ಬರಬೇಡಿರಿ; ಆ ತಾಯಿಯ ಜೊತೆ ಜಿಲ್ಲಾ ಆಸ್ಪತ್ರೆಗೆ ನಡೆಯಿರಿ, ಮೇಲಿನ ಬೇಡಿಕೆಗಳ ಅರ್ಜಿಗೆ ನಿಮ್ಮ ಸಹಿಯನ್ನೂ ಹಾಕಿರಿ.