ಕುರ್ಚಿ ಮೇಲೆ ನಮ್ಮವಳು ಕೂತರೆ ಸಾಕಾ?

ಗೆಳೆಯರೇ, ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಹೋದ ಭಾನುವಾರ ರಾತ್ರಿ ತಂಗಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಹೆಸರೂ ಬೇಡ, ಅವಳಿರೋ ದೇಶದ ಹೆಸರೂ ಬೇಡ. ನಮ್ಮ ಜಿಲ್ಲೆಯವಳು. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಲ್ಲಿ ಅನ್ನ ಉಂಡು ಓದಿದವಳು. ಅಪ್ಪ ಗಾರೆ ಕೆಲಸದವರು. ಸ್ಕಾಲರ್‌ಶಿಪ್ ಮೇಲೆ ಹೊರದೇಶಕ್ಕೆ ಹೋಗಿ ಸಂಖ್ಯಾಶಾಸ್ತ್ರ ಓದಿದಳು. ಈಗ ಒಂದು ಗುತ್ತಿಗೆ ಕಂಪನಿ ಮೂಲಕ ಅಲ್ಲಿನ ಸರ್ಕಾರದ ವಲಸೆ ಇಲಾಖೆಗೆ ಕೆಲಸ ಮಾಡ್ತಾಳೆ. ಹುದ್ದೆ ಹೆಸರು ‘ರಿಸ್ಕ್ ಅನಲಿಸ್ಟ್’. ಅವಳಿಗೆ ಕೆಲಸ ಸಿಕ್ಕಾಗ ಇದೇ ಗೋಡೆ ಮೇಲೆ ನಾನು ಹೆಮ್ಮೆಯಿಂದ ಬರೆದಿದ್ದೆ. ನೀವೆಲ್ಲ ಜೈ ಭೀಮ್ ಅಂತ ಹರಸಿದ್ರಿ.

ಫೋನ್‌ನಲ್ಲಿ ಅವಳು ಮೊದಲು ಅಂದಿದ್ದು ಇಷ್ಟು: “ಅಣ್ಣಾ, ನಾನು ಮಾಡಿದ ಲೆಕ್ಕದಲ್ಲಿ ನಾನೇ ಕೆಂಪಿಗೆ ಬಿದ್ದೆ.”

ಅವಳ ಕೆಲಸ ಏನು ಅಂತ ಹೇಳ್ತೀನಿ. ವೀಸಾಗೆ ಬರೋ ಅರ್ಜಿಗಳನ್ನ ಅಧಿಕಾರಿ ನೋಡೋ ಮೊದಲೇ ಮೂರು ಗುಂಪು ಮಾಡಬೇಕು. ಹಸಿರು, ಹಳದಿ, ಕೆಂಪು. ಯಾವ ದೇಶದವರು, ವಯಸ್ಸೆಷ್ಟು, ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ, ಅದು ಯಾವಾಗ ಬಂತು, ಹಿಂದೆ ಯಾವ ದೇಶಕ್ಕೆ ಹೋಗಿದ್ರು, ಊರಲ್ಲಿ ಆಸ್ತಿ ಏನಿದೆ, ಅಂಥ ಅರ್ಜಿದಾರರಿಗೆ ಹಿಂದೆ ಎಷ್ಟು ಸಲ ವೀಸಾ ನಿರಾಕರಣೆ ಆಗಿದೆ. ಒಂದೊಂದಕ್ಕೂ ಅಂಕ. ಹಸಿರು ಫೈಲು ಸಲೀಸಾಗಿ ಹೋಗುತ್ತೆ. ಕೆಂಪು ಫೈಲಿಗೆ ವೀಸಾ ಕೊಡಬೇಕಾದ್ರೆ ಅಧಿಕಾರಿ ಮೇಲಿನವರಿಗೆ ಕಾರಣ ಬರೀಬೇಕು. ಬೇಡ ಅನ್ನೋದು ಸುಲಭ.

ಅವತ್ತು ಸಂಜೆ ಅವಳು ತನ್ನ ಹಳೇ ಅರ್ಜಿ ತೆಗೆದು, ತಾನೇ ಕೂರಿಸಿದ ಅಂಕಗಳ ಪ್ರಕಾರ ಒಂದು ಹಾಳೆ ಮೇಲೆ ಲೆಕ್ಕ ಹಾಕಿದ್ದಾಳೆ. ಭಾರತ. ಇಪ್ಪತ್ಮೂರು ವರ್ಷ. ಆಸ್ತಿ ಸೊನ್ನೆ. ಹಿಂದಿನ ವಿದೇಶ ಪ್ರಯಾಣ ಸೊನ್ನೆ. ಖಾತೆಗೆ ಒಂದೇ ಸಲ ಬಂದ ದೊಡ್ಡ ಮೊತ್ತ, ಅಂದ್ರೆ ಸ್ಕಾಲರ್‌ಶಿಪ್ ಹಣ. ಕೂಡಿದ್ರೆ ಕೆಂಪು. “ನಾನು ಬಂದಾಗ ಈ ಪದ್ಧತಿ ಇರ್ಲಿಲ್ಲ ಅಣ್ಣಾ, ಇದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ. ಕೆಲಸ ಬಿಡ್ಲಾ?” ಅಂತ ಕೇಳಿದಳು.

ಆ ರಾತ್ರಿ ನನಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಅಂಥದ್ದೇ ಕೆಲಸ ನಾನೂ ಮಾಡಿದ್ದೀನಿ. ಇದನ್ನ ಇಲ್ಲೀವರೆಗೆ ಎಲ್ಲೂ ಬರೆದಿರಲಿಲ್ಲ.

ಚಳವಳಿಗೆ ಪೂರ್ತಿ ಬರೋ ಮೊದಲು ಎರಡು ವರ್ಷ ನಾನು ಒಂದು ಸಾಲ ಕೊಡೋ ಕಂಪನಿಯಲ್ಲಿ ಫೀಲ್ಡ್ ಕೆಲಸಕ್ಕಿದ್ದೆ. ಅಲ್ಲಿ ‘ನೆಗೆಟಿವ್ ಏರಿಯಾ’ ಅಂತ ಒಂದು ಪಟ್ಟಿ ಇರ್ತಿತ್ತು. ಆ ಪಟ್ಟೀಲಿರೋ ಬೀದಿಗೆ ಸಾಲ ಇಲ್ಲ. ಒಂದಿನ ಮ್ಯಾನೇಜರ್ ಪಟ್ಟಿ ಹೊಸದು ಮಾಡು ಅಂದ. ಕಂತು ಬಾಕಿ ನೋಡ್ಕೊಂಡು ಬರೀತಾ ಹೋದೆ. ನಮ್ಮ ಕೇರಿ ಹೆಸರು ಬಂತು. ಬರೆದೆ. ಸಹಿ ಹಾಕಿದೆ. ಅದಾದ ಮೇಲೆ ನಮ್ಮ ಜನ ಎಲ್ಲಿಗೆ ಹೋದ್ರು? ಮೀಟರ್ ಬಡ್ಡಿಯವನ ಹತ್ರ. ಅವನ ಬಡ್ಡಿ ಕಟ್ಟೋಕಾಗದೆ ಮಿಕ್ಕ ಸಾಲಗಳೂ ಬಾಕಿ ಬಿದ್ವು. ಮುಂದಿನ ವರ್ಷ ಮ್ಯಾನೇಜರ್ ಬಾಕಿ ತೋರಿಸಿ “ನೋಡ್ದಾ, ನಾವು ಬರೆದಿದ್ದು ಸರಿ ಇತ್ತು” ಅಂದ.

ಪಟ್ಟಿ ತಾನೇ ಹಾಳು ಮಾಡಿದ್ದನ್ನ ತಾನೇ ಸಾಕ್ಷಿಯಾಗಿ ತೋರಿಸ್ತು. ನನ್ನ ಪೂರ್ತಿ ಪೋಸ್ಟ್‌ನ ತಿರುಳು ಇಷ್ಟೇ. ಮುಂದಿನದೆಲ್ಲ ಇದರ ವಿಸ್ತಾರ.

ಇದೇ ಆಟ ಬ್ರಿಟನ್ ಸರ್ಕಾರದಲ್ಲಿ ನಡೆದಿದ್ದು ಈಗ ಗುಟ್ಟಲ್ಲ. ಅಲ್ಲಿನ ಹೋಮ್ ಆಫೀಸ್ 2015ರಿಂದ ವೀಸಾ ಅರ್ಜಿಗಳನ್ನ ಇದೇ ಮೂರು ಬಣ್ಣದಲ್ಲಿ ವಿಂಗಡಿಸೋ ಒಂದು ಕಂಪ್ಯೂಟರ್ ವ್ಯವಸ್ಥೆ ಇಟ್ಕೊಂಡಿತ್ತು. ಬಣ್ಣ ತೀರ್ಮಾನ ಆಗೋದ್ರಲ್ಲಿ ಅರ್ಜಿದಾರರ ರಾಷ್ಟ್ರೀಯತೆಯೂ ಒಂದು ಅಂಶ. ಯಾವ ಯಾವ ದೇಶಗಳು ಸಂಶಯದ ಪಟ್ಟೀಲಿವೆ ಅಂತ ಹೊರಗೆ ಹೇಳ್ತಿರ್ಲಿಲ್ಲ. ವಲಸಿಗರ ಪರ ಕೆಲಸ ಮಾಡೋ ಜೆಸಿಡಬ್ಲ್ಯುಐ ಮತ್ತು ಫಾಕ್ಸ್‌ಗ್ಲವ್ ಸಂಸ್ಥೆಗಳು ಕೋರ್ಟಿಗೆ ಹೋದ್ವು. ಅವರ ವಾದ ನಮ್ಮ ಕೇರಿ ಕಥೆಯೇ: ಒಂದು ದೇಶದವರನ್ನ ಹೆಚ್ಚು ಕೆದಕ್ತೀರಿ, ಹೆಚ್ಚು ನಿರಾಕರಿಸ್ತೀರಿ, ಆ ನಿರಾಕರಣೆಯನ್ನೇ ಎಣಿಸಿ ಆ ದೇಶ ಅಪಾಯ ಅಂತೀರಿ. “ಯಂತ್ರ ಬರೀ ವಿಂಗಡಿಸುತ್ತೆ, ತೀರ್ಮಾನ ಮನುಷ್ಯರದ್ದು” ಅಂತ ಸರ್ಕಾರ ಹೇಳ್ತು. ಆದ್ರೆ ವಿಚಾರಣೆಗೆ ಮೊದಲೇ, 2020ರ ಆಗಸ್ಟ್‌ನಲ್ಲಿ, ತಪ್ಪು ಒಪ್ಪಿಕೊಳ್ಳದೆ ಆ ವ್ಯವಸ್ಥೆಯನ್ನ ಕೈಬಿಡ್ತು.

ಈಗ ಕುರ್ಚಿ ವಿಷಯಕ್ಕೆ ಬರೋಣ. ಆ ವ್ಯವಸ್ಥೆ ನಡೀತಿದ್ದ ಕಾಲದಲ್ಲಿ ಆ ಇಲಾಖೆಯ ಮಂತ್ರಿಗಳು ಯಾರು? 2018ರಿಂದ 2019ರವರೆಗೆ ಸಾಜಿದ್ ಜಾವಿದ್. ಪಾಕಿಸ್ತಾನದಿಂದ ಹೋಗಿ ಬಸ್ ಓಡಿಸಿದವರ ಮಗ. ಆಮೇಲೆ ಪ್ರೀತಿ ಪಟೇಲ್. ಉಗಾಂಡಾದಿಂದ ವಲಸೆ ಹೋದ ಗುಜರಾತಿ ಕುಟುಂಬದ ಮಗಳು. ವಲಸಿಗರ ಮಕ್ಕಳು ಅತಿ ದೊಡ್ಡ ಕುರ್ಚಿ ಮೇಲೆ ಕೂತಿದ್ರು. ಪಟ್ಟಿ ಕೆಳಗಡೆ ತನ್ನ ಪಾಡಿಗೆ ತಾನು ಕೆಲಸ ಮಾಡ್ತಾನೇ ಇತ್ತು. ಅದನ್ನ ನಿಲ್ಲಿಸಿದ್ದು ಕುರ್ಚಿ ಅಲ್ಲ, ಕೋರ್ಟಿಗೆ ಹಾಕಿದ ಅರ್ಜಿ. ಪ್ರಾತಿನಿಧ್ಯ ಬೇಕು ಅಂತ ಜೀವನಪೂರ್ತಿ ಕೂಗಿದವನು ನಾನು, ಈಗಲೂ ಕೂಗ್ತೀನಿ. ಆದ್ರೆ ಕುರ್ಚಿ ಮೇಲಿರೋರು ಬದಲಾದ್ರೆ ಮೇಜಿನ ಮೇಲಿರೋ ಪಟ್ಟಿ ತಾನಾಗೇ ಬದಲಾಗಲ್ಲ.

ಅಮೆರಿಕದಲ್ಲಿ ಇನ್ನೊಂದು ಥರ. ಅಲ್ಲಿನ ವಲಸೆ ಪೊಲೀಸ್, ‘ಐಸ್’ ಅಂತೀವಲ್ಲ, ಹಿಡಿದವರನ್ನ ಬಂಧನದಲ್ಲಿಡಬೇಕಾ ಬಿಡಬೇಕಾ ಅಂತ ಹೇಳೋಕೆ ಒಂದು ರಿಸ್ಕ್ ಲೆಕ್ಕದ ಯಂತ್ರ ಇಟ್ಟಿದೆ. 2017ರಲ್ಲಿ ಆ ಯಂತ್ರದಿಂದ ‘ಬಿಡಬಹುದು’ ಅನ್ನೋ ಉತ್ತರವನ್ನೇ ತೆಗೆದುಹಾಕಿದ್ರು. ಮಿಕ್ಕಿದ್ದು ‘ಬಂಧನದಲ್ಲಿಡಿ’, ಇಲ್ಲಾಂದ್ರೆ ‘ಮೇಲಧಿಕಾರಿ ನೋಡಲಿ’. ಪ್ರಶ್ನೆಗಳು ಇದ್ವು, ಅಂಕಗಳು ಇದ್ವು. ಒಂದು ಉತ್ತರ ಮಾತ್ರ ಇರ್ಲಿಲ್ಲ. ಲೆಕ್ಕ ಅಂದ್ರೆ ನಿಷ್ಪಕ್ಷಪಾತ ಅಂತ ನಂಬೋರು ಇದನ್ನ ನೆನಪಿಟ್ಕೊಳ್ಳಿ.

“ಅಣ್ಣಾ, ಇದು ದೇಶ ದೇಶಗಳ ನಡುವಿನ ಭೇದ, ಇದ್ರಲ್ಲಿ ಜಾತಿ ಎಲ್ಲಿಂದ ಬಂತು?” ಅಂತ ಯಾರಾದ್ರೂ ಕೇಳ್ತೀರಿ. ನಿಜ, ವೀಸಾ ಫಾರಂನಲ್ಲಿ ಜಾತಿ ಕಾಲಂ ಇಲ್ಲ. ಆದ್ರೆ ಜಾತಿ ತುಂಬಿಸಿಟ್ಟ ಕಾಲಂಗಳೆಲ್ಲಾ ಇವೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮು ನೋಡಿ. ವಿದ್ಯಾರ್ಥಿ ವೀಸಾ ಕೇಳೋನು ಅಲ್ಲೇ ಉಳಿಯೋಕೆ ಬಂದವನು ಅಂತ ಕಾನೂನು ಮೊದಲೇ ಅಂದ್ಕೊಳ್ಳುತ್ತೆ. ಅಲ್ಲ ಅಂತ ಅವನೇ ಸಾಬೀತು ಮಾಡಬೇಕು. ಹೇಗೆ? ಊರಲ್ಲಿ ಏನು ಬೇರಿದೆ ಅಂತ ತೋರಿಸಿ. ಜಮೀನು, ಮನೆ, ಅಪ್ಪನ ನೌಕರಿ. ತಲೆಮಾರುಗಳಿಂದ ಬೇರೆಯವರ ಹೊಲ ಉತ್ತವನ ಮಗ ಯಾವ ಪಹಣಿ ತೋರಿಸ್ತಾನೆ? ನಮಗೆ ಜಮೀನು ಸಿಗದ ಹಾಗೆ ನೋಡ್ಕೊಂಡಿದ್ದು ಇಲ್ಲಿನ ಊರು. ಜಮೀನಿಲ್ಲ, ಅದಕ್ಕೇ ವಾಪಸ್ ಹೋಗಲ್ಲ ಅನ್ನೋದು ಅಲ್ಲಿನ ಕೌಂಟರು. ಗೌಡರ ಮಗನೂ ನಮ್ಮ ಹುಡುಗನೂ ಒಂದೇ ದೇಶದ ಪಾಸ್‌ಪೋರ್ಟ್ ಹಿಡ್ಕೊಂಡು ಒಂದೇ ಸಾಲಲ್ಲಿ ನಿಂತ್ರೂ ಇಬ್ಬರ ಅಂಕ ಒಂದಾಗಲ್ಲ.

ಇಂಥ ಪಟ್ಟಿ ಎದುರಾದಾಗ ನಮ್ಮ ದೇಶದವರು ಏನು ಮಾಡಿದ್ರು ಅನ್ನೋದಕ್ಕೂ ಚರಿತ್ರೆ ಇದೆ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬರು. ಪಂಜಾಬಿನವರು, ಅಮೆರಿಕದ ಸೈನ್ಯದಲ್ಲಿದ್ದವರು. ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ ಅನ್ನೋ ಕಾಲದಲ್ಲಿ ಕೋರ್ಟಿಗೆ ಹೋದ್ರು. ಅವರ ಪರ ವಾದ ಏನಿತ್ತು ಗೊತ್ತಾ? ಈ ಭೇದವೇ ತಪ್ಪು ಅಂತಲ್ಲ. ನಾನು ಮೇಲ್ಜಾತಿಯ ಆರ್ಯ, ಕೆಳಗಿನವರ ಜೊತೆ ಬೆರೆಯದವನು, ಹಾಗಾಗಿ ನಾನೂ ಬಿಳಿಯನೇ ಅಂತ. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಮೇಲೆ ಬೇರೆ ಭಾರತೀಯರಿಗೆ ಸಿಕ್ಕಿದ್ದ ಪೌರತ್ವವನ್ನೂ ಕಿತ್ಕೊಂಡ್ರು. ಜಾತಿ ತೋರಿಸಿ ಪಟ್ಟಿಯಿಂದ ತಪ್ಪಿಸಿಕೊಳ್ಳೋಕೆ ಹೋದ್ರೆ ಆಗೋದು ಇದೇ. ಇವತ್ತೂ ವಾಟ್ಸಾಪ್ ಗುಂಪುಗಳಲ್ಲಿ “ನಾವು ಕಾನೂನು ಪ್ರಕಾರ ಬಂದವರು, ಆ ಅಕ್ರಮದವರನ್ನ ಹಿಡೀರಿ” ಅಂತ ಬರೆಯೋ ನಮ್ಮ ದೇಶದ ಟೆಕ್ಕಿಗಳನ್ನ ನೋಡಿದಾಗ ನನಗೆ ಥಿಂಡ್ ನೆನಪಾಗ್ತಾರೆ.

ಹುಟ್ಟು ನೋಡಿ ಅಪಾಯ ಅಳೆಯೋದು ನಮಗೆ ಹೊಸದಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದ್ದು ಅದನ್ನೇ. ಇಂಥ ಸಮುದಾಯದಲ್ಲಿ ಹುಟ್ಟಿದ್ರೆ ಸಾಕು, ಹೆಸರು ದಾಖಲು, ಠಾಣೆಗೆ ಹಾಜರಿ, ಊರು ಬಿಡೋಕೆ ಪಾಸು. 1952ರಲ್ಲಿ ಕಾಯ್ದೆ ಹೋಯ್ತು. ಹುಬ್ಬಳ್ಳಿ, ಗದಗದಲ್ಲಿ ‘ಸೆಟ್ಲಮೆಂಟ್’ ಅನ್ನೋ ಹೆಸರು ಇವತ್ತಿಗೂ ಹೋಗಿಲ್ಲ.

ನಮ್ಮ ಸರ್ಕಾರವೂ ಇದ್ರಲ್ಲಿ ಹಿಂದೆ ಬಿದ್ದಿಲ್ಲ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಬೀಳುತ್ತೆ. ಗಲ್ಫ್ ದೇಶಗಳಿಗೆ ದುಡಿಯೋಕೆ ಹೋಗೋ ಮುಂಚೆ ಅವರು ಸರ್ಕಾರದ ಅನುಮತಿ ತಗೋಬೇಕು. ಅವರಿಗೆ ಮೋಸ ಆಗಬಾರದು ಅನ್ನೋ ಉದ್ದೇಶ, ಒಪ್ಪೋಣ. ಆದ್ರೆ ಮೋಸ ಮಾಡೋನು ಏಜೆಂಟು, ಗುರುತು ಬೀಳೋದು ಕೂಲಿಯವನ ಪಾಸ್‌ಪೋರ್ಟ್ ಮೇಲೆ. 2018ರ ಜನವರಿಯಲ್ಲಿ ಇಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡ್ತೀವಿ ಅಂತ ವಿದೇಶಾಂಗ ಇಲಾಖೆ ಹೊರಟಿತ್ತು. ಓದದ ಬಡವ ಯಾರು ಅಂತ ವಿಮಾನ ನಿಲ್ದಾಣದಲ್ಲಿ ದೂರದಿಂದಲೇ ಗೊತ್ತಾಗ್ತಿತ್ತು. ಜನ ಗಲಾಟೆ ಮಾಡಿದ ಮೇಲೆ ಅದೇ ತಿಂಗಳ ಕೊನೆಯಲ್ಲಿ ಕೈಬಿಟ್ರು.

ಇಷ್ಟು ಹೇಳಿ, ಯಾರನ್ನೂ ಪರಿಶೀಲನೆ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಸುಳ್ಳು ಸರ್ಟಿಫಿಕೇಟು ಮಾಡಿಕೊಡೋರು ಇದ್ದಾರೆ, ನಮ್ಮ ಹುಡುಗರನ್ನೇ ಮುಳುಗಿಸಿದ ಏಜೆಂಟರು ಇದ್ದಾರೆ. ಒಬ್ಬ ಮನುಷ್ಯ ಕೊಟ್ಟ ಕಾಗದ ನಿಜವಾ ಅಂತ ನೋಡೋದು ಬೇರೆ. ಅವನ ದೇಶದವರು, ಅವನ ಥರದವರು ಹಿಂದೆ ಏನು ಮಾಡಿದ್ರು ಅಂತ ಅವನ ತಲೆ ಮೇಲೆ ಹೊರಿಸೋದು ಬೇರೆ. ಮೊದಲನೇದು ತನಿಖೆ. ಎರಡನೇದರ ಹೆಸರು ನಮಗೆಲ್ಲ ಗೊತ್ತು.

ಈಗ ತಂಗಿಗೆ ಉತ್ತರ.

ಕೆಲಸ ಬಿಡಬೇಡವ್ವ. ನೀನು ಎದ್ದು ಬಂದ್ರೆ ಆ ಕುರ್ಚಿ ಖಾಲಿ ಇರಲ್ಲ, ಆ ಹಾಳೆ ಮೇಲೆ ಲೆಕ್ಕ ಹಾಕಿ ನೋಡೋ ಒಬ್ಬಳು ಕಡಿಮೆ ಆಗ್ತಾಳೆ ಅಷ್ಟೇ. ಆದ್ರೆ ‘ನಾನಿದ್ದೀನಲ್ಲ, ಹಾಗಾಗಿ ಇದು ನ್ಯಾಯ’ ಅಂತ ಯಾವತ್ತೂ ನಿನಗೆ ನೀನೇ ಹೇಳ್ಕೋಬೇಡ. ಅಲ್ಲಿರೋವರೆಗೆ ನಾಲ್ಕು ಕೆಲಸ ಮಾಡು.

ಒಂದು, ಹಿಂದಿನ ನಿರಾಕರಣೆಗಳನ್ನ ಅಪಾಯದ ಸಾಕ್ಷಿ ಅಂತ ಎಣಿಸಬೇಡಿ ಅಂತ ಕೇಳು. ನಿರಾಕರಣೆ ಅರ್ಜಿದಾರ ಮಾಡಿದ ತಪ್ಪಲ್ಲ, ಅಧಿಕಾರಿ ಮಾಡಿದ ಕೆಲಸ.

ಎರಡು, ಹಸಿರು ಫೈಲುಗಳಲ್ಲೂ ಒಂದಿಷ್ಟನ್ನ ಚೀಟಿ ಎತ್ತಿದ ಹಾಗೆ ಆರಿಸಿ, ಕೆಂಪಿನಷ್ಟೇ ಕೆದಕಿ ನೋಡಿ ಅನ್ನು. ಬರೀ ನಮ್ಮ ಕೇರಿಯಲ್ಲೇ ಹುಡುಕಿದ್ರೆ ಕಳ್ಳ ನಮ್ಮ ಕೇರಿಯಲ್ಲೇ ಸಿಗ್ತಾನೆ. ನೀನು ಸಂಖ್ಯಾಶಾಸ್ತ್ರ ಓದಿದವಳು, ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಮೂರು, ಆಸ್ತಿ ಇಲ್ಲದ್ದಕ್ಕೆ, ಮೊದಲ ಸಲ ವಿಮಾನ ಹತ್ತೋದಕ್ಕೆ, ಸ್ಕಾಲರ್‌ಶಿಪ್ ಹಣ ಒಂದೇ ಕಂತಲ್ಲಿ ಬಂದದ್ದಕ್ಕೆ ಅಂಕ ಕಳೀಬೇಡಿ ಅಂತ ಬರೆದು ಕೊಡು. ಬಾಯಲ್ಲಿ ಹೇಳಬೇಡ, ಬರೆದು ಕೊಡು. ನಾಳೆ ಕೋರ್ಟೋ ತನಿಖೆಯೋ ಬಂದಾಗ ಫೈಲಿನಲ್ಲಿರೋ ನಿನ್ನ ಒಂದು ಟಿಪ್ಪಣಿ ಹತ್ತು ಭಾಷಣಕ್ಕೆ ಸಮ. ನನ್ನ ನೆಗೆಟಿವ್ ಏರಿಯಾ ಪಟ್ಟಿ ಮೇಲೆ ನಾನು ಹಾಕಿದ್ದು ಬರೀ ಸಹಿ. ಪಕ್ಕದಲ್ಲಿ ಒಂದು ಸಾಲು ಆಕ್ಷೇಪ ಬರೆದಿದ್ರೆ ಇವತ್ತು ಇಷ್ಟು ನಾಚಿಕೆ ಆಗ್ತಿರ್ಲಿಲ್ಲ.

ನಾಲ್ಕು, ಇದೆಲ್ಲಾ ಕೇಳಿದ ಮೇಲೂ ಪಟ್ಟಿ ಅಲುಗಾಡದಿದ್ರೆ, ನಿನ್ನ ಆಕ್ಷೇಪವನ್ನೇ ಅವರು ‘ನಮ್ಮಲ್ಲಿ ಎಲ್ಲ ಥರದವರೂ ಇದ್ದಾರೆ’ ಅಂತ ತೋರಿಸೋಕೆ ಬಳಸಿದ್ರೆ, ಅವತ್ತು ಬಿಟ್ಟು ಬಾ. ಅವತ್ತು ನಾವಿದ್ದೀವಿ.

ಇನ್ನು ನಮ್ಮ ಪಾಲಿನ ಕೆಲಸ. ಗೆಳೆಯರೇ, ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಹೊರಗೆ ಹೊರಟ ನಮ್ಮ ಮಕ್ಕಳಿಗೆ ವೀಸಾ ನಿರಾಕರಣೆ ಆದ್ರೆ ನಾವು ಇಲ್ಲೀವರೆಗೆ ‘ಅಯ್ಯೋ ಪಾಪ, ಅದೃಷ್ಟ ಇಲ್ಲ’ ಅಂದು ಸುಮ್ಮನಾಗ್ತಿದ್ದೀವಿ. ಇನ್ಮೇಲೆ ಆ ಪತ್ರ ಬಿಸಾಡಬೇಡಿ. ಏನು ಕಾರಣ ಕೊಟ್ಟಿದ್ದಾರೆ ಅಂತ ನೋಡಿ, ಜೋಪಾನವಾಗಿ ಇಡಿ. ಹತ್ತು ಜನರ ಪತ್ರ ಒಟ್ಟಿಗೆ ಇಟ್ಟು ನೋಡಿದಾಗ ಅದೃಷ್ಟ ಅಂತ ಅಂದ್ಕೊಂಡಿದ್ದು ಪಟ್ಟಿಯಾಗಿ ಕಾಣೋಕೆ ಶುರುವಾಗುತ್ತೆ. ಇಲಾಖೆಗಳು ಸ್ಕಾಲರ್‌ಶಿಪ್ ಮಂಜೂರಾತಿ ಪತ್ರ ಕೊಟ್ಟು ಕೈ ತೊಳ್ಕೊಳ್ಳದೆ ವೀಸಾ ಹಂತದಲ್ಲೂ ವಿದ್ಯಾರ್ಥಿ ಪರ ನಿಲ್ಲಬೇಕು ಅಂತ ಒತ್ತಾಯಿಸೋಣ.

1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದಾಗ ಅವರಿಗೆ 22 ವರ್ಷ. ಅಪ್ಪ ಅದೇ ವರ್ಷ ತೀರ್ಕೊಂಡಿದ್ರು. ಖರ್ಚೆಲ್ಲ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್. ಅದಕ್ಕೂ ಮುಂಚೆ ಹೊರದೇಶ ಕಂಡವರಲ್ಲ. ಆ ಫೈಲು ಇವತ್ತು ನಮ್ಮ ತಂಗಿಯ ಮೇಜಿಗೆ ಬಂದಿದ್ರೆ ಯಾವ ಬಣ್ಣ ಬೀಳ್ತಿತ್ತು ಅಂತ ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ “ಕೆಂಪು ಅಣ್ಣಾ” ಅಂದಳು.

ಓದಿ ವಾಪಸ್ ಬಂದ ಮೇಲೆ 1917ರಲ್ಲಿ ಬರೋಡಾದಲ್ಲಿ ಅವರಿಗೆ ನೆಲೆಯಾಗಿ ಉಳಿಯೋಕೆ ಒಂದು ಕೋಣೆ ಸಿಗಲಿಲ್ಲ. ಅಂಥ ಅನುಭವಗಳನ್ನ ಬರೆದಿಟ್ಟಾಗ ಆ ಬರಹಕ್ಕೆ ಬಂದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ಅದರಲ್ಲಿರೋ ಅವಮಾನಗಳು ಯಾವ ಪರದೇಶದ ಕಚೇರಿಯಲ್ಲೂ ಆದದ್ದಲ್ಲ, ಎಲ್ಲಾ ಈ ನೆಲದಲ್ಲೇ ಆದದ್ದು. ತಂಗಿಗೆ ಆ ಪುಸ್ತಕ ಕಳಿಸಿದ್ದೀನಿ, ಆಫೀಸಿನ ಮೇಜಿನ ಮೇಲೆ ಇಟ್ಕೋ ಅಂತ ಹೇಳಿದ್ದೀನಿ.

ನಿಮ್ಮಲ್ಲಿ ಯಾರ ಹತ್ರ ವೀಸಾ ನಿರಾಕರಣೆ ಪತ್ರ ಇದೆಯೋ, ಹೆಸರು ಮುಚ್ಚಿ ನನಗೆ ಇನ್‌ಬಾಕ್ಸ್ ಮಾಡಿ. ಒಟ್ಟು ಮಾಡೋಣ.

ಜೈ ಭೀಮ್.