ಅಳೆಯೋರಿಗೆ ಹಣ ಕೊಡೋರು ಯಾರು?

ಮಾಲಿನ್ಯ ಅಂದ ಕೂಡಲೇ ದಂಡ ಹೆಚ್ಚಿಸಿ ಅಂತೀವಿ. ಅಳೆಯೋರಿಗೆ ಹಣ ಕೊಡೋರು ಯಾರು ಅಂತ ಮೊದಲು ಕೇಳೋಣ.

ಗುಜರಾತಿನಲ್ಲಿ ಕಾರ್ಖಾನೆಗಳೇ ಆಡಿಟರನ್ನು ಆರಿಸಿ ಹಣ ಕೊಡ್ತಿದ್ದವು. ಹೊಗೆಯ ಧೂಳಿನಲ್ಲಿ ಮಿತಿ ಮೀರಿದವು ಶೇ. 7 ಅಂತ ವರದಿ. ಬೇರೆಯವರು ಅಳೆದಾಗ ಶೇ. 59! ಆಡಿಟರ್ ದುಷ್ಟನೇ ಆಗಬೇಕಿಲ್ಲ. ಗೇಮ್ ಥಿಯರಿ ಲೆಕ್ಕದಲ್ಲಿ, ನಿಜ ಬರೆದವನಿಗೆ ಮುಂದಿನ ವರ್ಷ ಕೆಲಸವಿಲ್ಲ. 2009ರಲ್ಲಿ ಶುರುವಾದ ಪ್ರಯೋಗದಲ್ಲಿ ಎಸ್ತರ್ ಡುಫ್ಲೋ ತಂಡ ಕೆಲವು ಕಾರ್ಖಾನೆಗಳಿಗೆ ಚೀಟಿ ಎತ್ತಿದ ಹಾಗೆ ಆಡಿಟರನ್ನು ಹಂಚಿ, ಸಾಮಾನ್ಯ ನಿಧಿಯಿಂದ ಹಣ ಕೊಟ್ಟು, ಮರುತಪಾಸಣೆ ಇಟ್ಟಿತು. ಸುಳ್ಳು ಇಳಿಯಿತು, ಮಾಲಿನ್ಯವೂ.

ಪಶ್ಚಿಮ ಘಟ್ಟದ ಯೋಜನೆಗಳ ಪರಿಸರ ವರದಿಗೆ ಇವತ್ತಿಗೂ ಹಣ ಕೊಡೋದು ಯೋಜನೆಯವರೇ. ಅಲ್ಲಿ ಕಪ್ಪೆ ಎಣಿಸುವ ನಮ್ಮಂಥ ಜೀವಶಾಸ್ತ್ರಜ್ಞರ ಸಂಭಾವನೆಯೂ ಅದೇ ಜೇಬಿನದು. ಆ ಹಣ ಸಾಮಾನ್ಯ ನಿಧಿಗೆ ಹೋಗಲಿ. ಯಾರು ಎಣಿಸಬೇಕು ಅಂತ ಚೀಟಿ ಎತ್ತಲಿ.