ಸಲಹೆ ಕೊಡೋರು ಮೊದಲು ದುಡಿದು ನೋಡಲಿ

‘ಮುಂದ ಏನಾಗ್ತೀರಿ?’ ಅಂತ ಕೇಳಿದರೆ ನಮ್ಮ ವರ್ಗದಲ್ಲಿ ಡಾಕ್ಟರ್, ಇಂಜಿನಿಯರ್, ಪೊಲೀಸ್ ಬಿಟ್ಟು ಬೇರೆ ಹೆಸರು ಬರೋದಿಲ್ಲ. ಈ ಸಲ ಒಬ್ಬ ‘ಮ್ಯಾನೇಜ್‌ಮೆಂಟ್ ಕನ್ಸಲ್ಟಂಟ್’ ಅಂದ. ಎಲ್ಲರೂ ನಕ್ಕರು. ನಗೋದೇನೈತಿ? ಕಂಪನಿ ನಷ್ಟದಾಗ ಬಿದ್ದರೆ, ಮಾಲು ಮಾರಾಟವಾಗದಿದ್ದರೆ, ಹೊರಗಿನವರನ್ನು ಕರೆಸಿ ಲೆಕ್ಕಪತ್ರ ತೋರಿಸಿ ಏನು ಮಾಡೋಣ ಅಂತ ಕೇಳತಾರ. ಹಾಗೆ ದಾರಿ ಹೇಳುವವನೇ ಈ ಸಲಹೆಗಾರ.

ಯಾವ ಡಿಗ್ರಿಯಾದರೂ ನಡೀತೈತಿ. ಆಮೇಲೆ ಕ್ಯಾಟ್ ಪರೀಕ್ಷೆ, ನಂತರ 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂನಂಥ ಕಡೆ ಎರಡು ವರ್ಷದ ಓದು. ಪರೀಕ್ಷೆ ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಮಾಧ್ಯಮದ ನಾವು ಈಗಿನಿಂದಲೇ ತಯಾರಾಗಬೇಕು. ಕೆಲಸ ಸಿಕ್ಕ ಮೇಲೂ ಮೊದಲಿನ ವರ್ಷಗಳು ಅಂಕಿ ಕೂಡಿಸೋದ್ರಾಗ, ವರದಿ ಬರೆಯೋದ್ರಾಗ ಹೋಗ್ತಾವ.

ನನ್ನ ತಕರಾರು ಬೇರೆ. ಒಂದು ದಿನವೂ ಕಾರ್ಖಾನೆಯಲ್ಲಿ ದುಡಿಯದ ಹುಡುಗ ಮೂವತ್ತು ವರ್ಷ ದುಡಿದವರಿಗೆ ಬುದ್ಧಿ ಹೇಳೋದು ಹೆಂಗ? ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೋಡ್ರಿ. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಲುವೆ, ಅಣೆಕಟ್ಟು, ಕುಡಿಯುವ ನೀರು ಅಂತ ಅಡ್ಡಾಡಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಆಗ ನಿಜಾಮ ಸರಕಾರ ಸಲಹೆಗೆ ಕರೆದದ್ದು ಇವರನ್ನು. ಇವರು ಮೊದಲು ಮಳೆಯ ಲೆಕ್ಕ ತರಿಸಿ ನೋಡಿದರು. ಊರಿನ ಮೇಲ್ಭಾಗದಲ್ಲೇ ನೀರು ತಡೆಯಿರಿ ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆಗಿದ್ದು ಹಂಗ.

ಹೊಸಬರ ಕಣ್ಣಿಗೆ ಹಳೇ ತಪ್ಪು ಲಗೂನ ಕಾಣತಾವ ಅಂತಾರ, ಒಪ್ಪತೀನಿ. ಆದರ ಸಲಹೆ ತಪ್ಪಿದರೆ ಹೇಳಿ ಹೋದವನ ಪಗಾರ ನಿಲ್ಲೋದಿಲ್ಲ, ಕಾರ್ಖಾನೆಯವರ ಪಗಾರ ನಿಲ್ಲತೈತಿ.

ಇನ್ನೊಂದು ಮಾತು. ಫೀ ಕೊಡೋ ಶಕ್ತಿ ಇದ್ದವರಿಗೇ ಈ ಸಲಹೆ. ನಮ್ಮ ಸವಣೂರು ಸೀಮೆಯ ವೀಳ್ಯದೆಲೆ ಬೆಳೆಗಾರರು ಯಾರನ್ನ ಕೇಳಬೇಕು? ರೈತ ಸಂಪರ್ಕ ಕೇಂದ್ರದಲ್ಲಿ ಬೀಜ, ಔಷಧದ ಮಾತು ಸಿಗತೈತಿ. ಎಲೆ ಯಾವ ಪೇಟೆಗೆ ಕಳಿಸಿದರೆ ಗಾಡಿ ಬಾಡಿಗೆ, ದಲಾಲಿ ಕಳೆದು ನಾಲ್ಕು ದುಡ್ಡು ಉಳಿಯತೈತಿ ಅನ್ನೋ ಲೆಕ್ಕ ಹಾಕಿಕೊಡೋರು ಬೇಕು. ಅದೂ ಇದೇ ವಿದ್ಯೆ ಅಲ್ಲೇನು? ನಮ್ಮ ಗೆಳೆಯ ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗಲಿ, ಓದಲಿ, ಎಲ್ಲಾದರೂ ಐದು ವರ್ಷ ಮೈಮುರಿದು ದುಡೀಲಿ. ಆಮೇಲೆ ಎಲೆ ತೋಟದ ಲೆಕ್ಕ ನೋಡಾಕ ಬರಲಿ. ಫೀ ಅಂತ ಜೋಳದ ರೊಟ್ಟಿ, ಎಣಗಾಯಿ ಕೊಡ್ತೀವಿ.